ಹೌಸ್ ಫುಲ್ ಬೋರ್ಡಿಗೆ ಎರಡು ಕೈ

ಮೊದಲು ಬೋರ್ಡಿನ ವಿಷಯ ಹೇಳಿಬಿಡುತ್ತೇನೆ. ಅದು ಗೊತ್ತಿಲ್ಲದಿದ್ದರೆ ಮುಂದಿನ ಕಥೆಗೆ ಬುಡವೇ ಇರುವುದಿಲ್ಲ.

ನಮ್ಮ ಬೀದಿಯ ಥಿಯೇಟರಿನ ಹೌಸ್ ಫುಲ್ ಬೋರ್ಡು ದಪ್ಪ ತಗಡಿನದು. ಕೆಂಪು ಬಳಿದು ಬಿಳಿ ಅಕ್ಷರ ಬರೆದದ್ದು, ಬಾಗಿಲ ಕದದಷ್ಟು ಉದ್ದ. ಎರಡು ತುದಿಗೂ ಒಂದೊಂದು ಕಬ್ಬಿಣದ ಬಳೆ. ಟಿಕೆಟ್ ಕಿಟಕಿಯ ಮೇಲೆ ಗೋಡೆಯಲ್ಲಿ ಎರಡು ಕೊಕ್ಕೆ. ಸ್ಟೂಲ್ ಹತ್ತಿ, ಎರಡು ಕೈಯಲ್ಲೂ ಬೋರ್ಡನ್ನು ಸಮವಾಗಿ ತಲೆಯ ಮೇಲಕ್ಕೆತ್ತಿ, ಎರಡು ಬಳೆಯನ್ನೂ ಒಂದೇ ಸಲಕ್ಕೆ ಸಿಕ್ಕಿಸಬೇಕು. ಒಂದು ಕಡೆ ಮೊದಲು ಸಿಕ್ಕಿಸಿದೆಯೋ, ಇನ್ನೊಂದು ತುದಿ ತೂಗಿಕೊಂಡು ಬಂದು ಮುಖಕ್ಕೆ ಬಡಿಯುತ್ತದೆ. ಆಪರೇಟರನ ಗದ್ದದ ಮೇಲೆ ಅದರದೊಂದು ಗುರುತಿತ್ತು, ಕೆಲಸ ಕಲಿಯುವಾಗ ಆದದ್ದು.

ಆಪರೇಟರ್ ಎಂದರೆ ಮೇಲಿನ ಕೋಣೆಯಲ್ಲಿ ಸಿನಿಮಾ ಯಂತ್ರ ನಡೆಸುವವನು. ಮಾತು ಕಡಿಮೆ. ಕತ್ತಲೆಯಲ್ಲಿ ಕೂತು ಎದುರಿಗೆ ಬೆಳಕು ಬಿಡುವ ಕೆಲಸವನ್ನು ಅವನು ದೀಪ ಹಚ್ಚುವವನ ಹಾಗೆ, ಕೈ ತೊಳೆದುಕೊಂಡು ಬಂದು ಮಾಡುತ್ತಿದ್ದ. ಹೆಂಡತಿ ಕೆಳಗೆ ಟಿಕೆಟ್ ಕಿಟಕಿಯಲ್ಲಿ. ಬೀದಿಗೆಲ್ಲ ಅವಳು ಟಿಕೆಟಕ್ಕ. ಅವರಿಗೆ ಮಕ್ಕಳಾಗಲಿಲ್ಲ. ಟಿಕೆಟಕ್ಕನ ತಮ್ಮ, ತಾಯಿ ತೀರಿಕೊಂಡಾಗ ಅಂಗಿಯ ಗುಂಡಿ ಹಾಕಿಕೊಳ್ಳಲೂ ಬಾರದವನು, ಇವರ ಕೈಯಲ್ಲೇ ಬೆಳೆದ. ಬೆಳೆದದ್ದು ಮನೆಗಿಂತ ಹೆಚ್ಚಾಗಿ ಆ ಮೇಲಿನ ಕೋಣೆಯಲ್ಲಿ, ಭಾವನ ಕಾಲ ಬಳಿ, ಗೋಡೆಯ ಚೌಕ ಕಿಂಡಿಯಿಂದ ತೆರೆಯನ್ನು ನೋಡುತ್ತ. ಕಿಂಡಿ ಎಟುಕುವವರೆಗೆ ಭಾವ ಅವನನ್ನು ಎತ್ತಿಕೊಂಡು ನಿಲ್ಲುತ್ತಿದ್ದ. ಈ ಕಥೆಯ ಹೊತ್ತಿಗೆ ಅವನಿಗೆ ಮೀಸೆ ಬಂದು, ಸ್ವಂತ ಮೊಬೈಲ್ ರಿಪೇರಿ ಅಂಗಡಿಯೂ ಆಗಿತ್ತು.

ಆ ಕಿಂಡಿಯಿಂದ ಅವನು ನೋಡಿದ ಸಿನಿಮಾಗಳಲ್ಲಿ ಒಂದು ಇಡೀ ಬೀದಿಗೇ ಹಿಡಿದುಕೊಂಡಿತು. ಪೂರ್ತಿ ಹೆಸರು ಯಾರೂ ಹೇಳುತ್ತಿರಲಿಲ್ಲ. ‘ಹಡಗು’ ಎಂದರೆ ಸಾಕು. ಭೂಮಿ ಕೆಟ್ಟುಹೋಗಿ, ಉಳಿದ ಜನರನ್ನು ತುಂಬಿಕೊಂಡು ಒಂದು ಹಡಗು ನಕ್ಷತ್ರಗಳ ನಡುವೆ ನೆಲ ಹುಡುಕುತ್ತ ಹೋಗುವ ಕಥೆ. ಕೊನೆಯಲ್ಲಿ ಕ್ಯಾಪ್ಟನ್ ತನ್ನ ಪಾಲಿನ ಗಾಳಿಯನ್ನು ಅಡುಗೆ ಕೋಣೆಯ ಒಬ್ಬ ಹೆಂಗಸಿಗೆ ಕೊಟ್ಟು, ಬಾಗಿಲು ತೆರೆದುಕೊಂಡು ಹೊರಗಿನ ಕತ್ತಲೆಗೆ ಹೋಗುತ್ತಾನೆ. ಗಂಡಸರೆಲ್ಲ ಗಳಗಳ ಅತ್ತರು. ತನ್ನ ಪಾಲಿನದನ್ನು ಕೊಟ್ಟು ಹೋಗುವವನನ್ನು ತೆರೆಯ ಮೇಲೆ ನೋಡಿ ಅಳುವುದು ನಮಗೆಲ್ಲ ಚೆನ್ನಾಗಿ ಬರುತ್ತದೆ.

ಅಭಿಮಾನಿಗಳ ಸಂಘ ಸೇರುತ್ತಿದ್ದದ್ದು ಥಿಯೇಟರಿನ ಎದುರಿನ ಕನ್ನಡಕದ ಅಂಗಡಿಯಲ್ಲಿ. ಅಂಗಡಿಯವನೇ ಅಧ್ಯಕ್ಷ, ಅವನನ್ನು ಹಾಗೆಂದೇ ಕರೆಯುತ್ತಿದ್ದರು. ಇನ್ನೊಬ್ಬ ಮುಖ್ಯಸ್ಥ ನಲ್ಲಿ ರಿಪೇರಿಯವನು. ಯಾವ ಸಿನಿಮಾ ಬಂದರೂ “ಅಲ್ಲಿ ಗುರುತ್ವಾಕರ್ಷಣೆ ಇಲ್ಲ ಅಂದ್ಮೇಲೆ ಕಕ್ಕಸಿನ ನೀರು ಎತ್ತ ಕಡೆ ಹೋಗತ್ತೆ, ಅದನ್ನ ಮೊದಲು ಹೇಳಿ” ಎಂದು ಕೇಳುತ್ತಿದ್ದುದರಿಂದ ಅವನಿಗೆ ‘ಗುರುತ್ವ’ ಎಂದೇ ಹೆಸರು ಬಿದ್ದಿತ್ತು.

ಆ ಸಂಘದಲ್ಲೊಂದು ಪದ್ಧತಿ ಇತ್ತು. ಒಳ್ಳೆಯ ಚಿತ್ರಕ್ಕೆ ಕೆಟ್ಟ ಎರಡನೇ ಭಾಗ ಬಂದರೆ, ಎಲ್ಲರೂ ಕೂತು ‘ಆಗಿಲ್ಲ’ ಎಂದು ತೀರ್ಮಾನ ಕೊಡುತ್ತಿದ್ದರು. ಅಂದರೆ ಆ ಚಿತ್ರವೇ ಆಗಿಲ್ಲ. ಅದರಲ್ಲಿ ಸತ್ತವರು ಸತ್ತಿಲ್ಲ, ಮದುವೆಯಾದವರು ಮದುವೆಯಾಗಿಲ್ಲ. ಅಂದಿನಿಂದ ಯಾರಾದರೂ ಅದರ ಮಾತೆತ್ತಿದರೆ, ಕಣ್ಣು ಮಿಟುಕಿಸದೆ “ಯಾವ ಸಿನಿಮಾ?” ಎಂದು ಕೇಳಬೇಕು. ನಕ್ಕವನು ಎಲ್ಲರಿಗೂ ಚಹಾ ಕೊಡಿಸಬೇಕು. ಆಟ ಬಲು ಸೊಗಸಾಗಿತ್ತು. ಹೀಗೆ ಎಷ್ಟೋ ಚಿತ್ರಗಳನ್ನು ಅವರು ಭೂಮಿಯ ಮೇಲಿನಿಂದ ಒರೆಸಿಹಾಕಿದ್ದರು.

‘ಹಡಗಿ’ನ ಎರಡನೇ ಭಾಗ ಬರುವ ವರ್ಷವೇ ದೇಶಕ್ಕೆ ಚುನಾವಣೆಯೂ ಬಂತು. ದೇಶ ಆಳುತ್ತಿದ್ದವರನ್ನು ಜನ ‘ದೊಡ್ಡವರು’ ಎನ್ನುತ್ತಿದ್ದರು. ಕೆಲವರು ಭಕ್ತಿಯಿಂದ, ಕೆಲವರು ಹಲ್ಲು ಕಡಿದು. ಅಧ್ಯಕ್ಷನ ಅಂಗಡಿಯಲ್ಲಿ ದೊಡ್ಡವರ ಚಿತ್ರ ತೂಗುತ್ತಿತ್ತು. ಗುರುತ್ವ ಅದಕ್ಕೆ ಬೆನ್ನು ಮಾಡಿಯೇ ಕೂರುತ್ತಿದ್ದ.

“ಕ್ಯಾಪ್ಟನ್ನ ನೋಡಿದ್ರೆ ನಮ್ಮ ದೊಡ್ಡವರೇ ನೆನಪಾಗ್ತಾರೆ ಕಣಯ್ಯ,” ಎಂದ ಅಧ್ಯಕ್ಷ, ಯಾರದೋ ಕನ್ನಡಕದ ಕಿವಿ ಬಗ್ಗಿಸುತ್ತ. “ಅದೇ ನಡಿಗೆ, ಅದೇ ಗಾಂಭೀರ್ಯ.”

“ಹೂಂ, ಹೋಲಿಕೆ ಇದೆ,” ಎಂದ ಗುರುತ್ವ. “ಕ್ಯಾಪ್ಟನ್ ಕೊನೇಲಿ ಬಾಗಿಲು ತೆಕ್ಕೊಂಡು ಹೊರಗೆ ಹೋದ. ನಿಮ್ಮೋರು ಯಾವಾಗ ಹೋಗ್ತಾರೆ ಹೇಳು, ಬಾಗಿಲು ನಾನೇ ತೆಗೀತೀನಿ.”

“ನಿನ್ನ ಬಾಯಿಗೂ ಒಂದು ವಾಷರ್ ಹಾಕಿಸ್ಕೋ, ಸೋರ್ತಾ ಇದೆ.”

ಹೀಗೇ ನಡೆಯುತ್ತಿತ್ತು. ಅಷ್ಟರಲ್ಲಿ ಎರಡನೇ ಭಾಗದ ಟ್ರೈಲರ್ ಬಂತು. ಅದರಲ್ಲಿ ಸತ್ತ ಕ್ಯಾಪ್ಟನ್ ಬದುಕಿ ಬರುತ್ತಾನೆ. ಅವನು ಕುರ್ಚಿಯಲ್ಲಿ ಕೂರಬೇಕೋ ಬೇಡವೋ ಎಂದು ಹಡಗಿನ ಜನ ಕೈ ಎತ್ತಿ ಮತ ಹಾಕುತ್ತಾರೆ. ಅಧ್ಯಕ್ಷ ಕೆಂಡವಾದ: “ಕ್ಯಾಪ್ಟನ್ನ ಮತ ಹಾಕಿ ಇಳಿಸೋದಾ? ಇದು ಯಾರಿಗೆ ತಿವಿದಿದ್ದು ಅಂತ ಗೊತ್ತಾಗಲ್ವಾ? ಚುನಾವಣೆ ಹೊತ್ತಲ್ಲಿ!” ಗುರುತ್ವನೂ ಕೆಂಡವಾದ: “ಹೋದೋನು ಹೋಗ್ಬೇಕು. ವಾಪಸ್ ಬಂದು ಕುರ್ಚಿಗೆ ಅಂಟ್ಕೊಳ್ಳೋದು ಅಂದ್ರೆ ಇದು ಯಾರಿಗೆ ಬೆಣ್ಣೆ ಹಚ್ಚಿದ್ದು? ಚುನಾವಣೆ ಹೊತ್ತಲ್ಲಿ!”

ದೇಶದ ವಿಷಯದಲ್ಲಿ ಎಂದೂ ಒಂದಾಗದವರು ಆ ದಿನ ಒಂದಾದರು. ಚಿತ್ರ ಬರುವ ಮುಂಚೆಯೇ ತೀರ್ಮಾನವಾಯಿತು: ಆಗಿಲ್ಲ. ಯಾರೂ ನೋಡಕೂಡದು. ಟಿಕೆಟಕ್ಕನ ತಮ್ಮ ಎದ್ದು ನಿಂತು ಹೇಳಿದ, “ನೋಡದೇ ಇದ್ರೆ ಸಾಲದು. ನಾವು ನೋಡಲಿಲ್ಲ ಅಂತ ದೇಶಕ್ಕೆ ಗೊತ್ತಾಗ್ಬೇಕು. ಮೊದಲ ದಿನ ಮೊದಲ ಆಟ, ಹಾಲ್ ಖಾಲಿ ಇರೋದನ್ನ ವಿಡಿಯೋ ಮಾಡಿ ಬಿಡ್ತೀನಿ.” ಎಲ್ಲರೂ ಅವನ ಬೆನ್ನು ತಟ್ಟಿದರು. ದೇವರ ಮೇಲೆ ಆಣೆಯನ್ನೂ ಇಟ್ಟರು. ಆಣೆಗೆ ಕರೆದಾಗ ದೇವರು ಬರುತ್ತಾನೆ. ಬಂದವನು ಹಿಂದಿರುಗಿ ಹೋಗುವುದಿಲ್ಲ, ಅಲ್ಲೇ ನಿಂತು ನೋಡುತ್ತಾನೆ ಎನ್ನುವುದನ್ನು ಮಾತ್ರ ಜನ ಮರೆಯುತ್ತಾರೆ.

ಬಿಡುಗಡೆಯ ದಿನ ಬೆಳಗಾಗುತ್ತಲೇ ತಮ್ಮ ಮೇಲಿನ ಕೋಣೆಗೆ ಬಂದ. ಆಪರೇಟರ್ ಯಾವ ಹೊಸ ಚಿತ್ರ ಬಂದರೂ ಮೊದಲ ಆಟಕ್ಕೆ ಮುಂಚೆ ಖಾಲಿ ಹಾಲಿಗೆ ಸ್ವಲ್ಪ ಓಡಿಸಿ ಪರೀಕ್ಷೆ ಮಾಡುತ್ತಿದ್ದ, ಬಣ್ಣ ಸರಿಯಿದೆಯೇ, ಶಬ್ದ ಸರಿಯಿದೆಯೇ ಎಂದು. ಅಂದೂ ಓಡಿಸುತ್ತಿದ್ದ.

“ಭಾವ, ಒಂದು ನಿಮಿಷ ಹೀಗೇ ಬಿಡಿ. ಹಾಲ್ ಖಾಲಿ ಇರೋದು ಕಾಣ್ಬೇಕು.”

“ಯಾಕೋ? ಆಟಕ್ಕೆ ಜನ ಬರ್ತಾರಲ್ಲ, ನಿಮ್ಮಕ್ಕ ಆಗ್ಲೇ ಕಿಟಕಿ ತೆಗೆದಿದ್ದಾಳೆ.”

“ಸುಮ್ನೆ ತಮಾಷೆಗೆ ಭಾವ. ನಮ್ಮ ಸಂಘದ್ದು.”

ಆಪರೇಟರ್ ಅವನನ್ನು ಒಮ್ಮೆ ನೋಡಿದ. ಎತ್ತಿಕೊಂಡು ಕಿಂಡಿ ತೋರಿಸಿದ ಮೈ ಅದು. ಬೇಡ ಎನ್ನಲಿಲ್ಲ. “ಸ್ವಲ್ಪ ಎಡಕ್ಕೆ ನಿಂತ್ಕೋ,” ಎಂದ. “ಅಲ್ಲಿ ಬೆಳಕು ಚೆನ್ನಾಗಿ ಬರತ್ತೆ.”

ತಮ್ಮ ಎಡಕ್ಕೆ ನಿಂತು ಚಿತ್ರೀಕರಿಸಿಕೊಂಡ. ತೆರೆಯ ಮೇಲೆ ಹಡಗು, ಕೆಳಗೆ ಸಾಲು ಸಾಲು ಖಾಲಿ ಕುರ್ಚಿ.

ಇನ್ನು ಮೊದಲ ಆಟದ ವೇಳೆಗೆ ಏನಾಯಿತೆಂದು ನಾನು ಹೇಳಬೇಕಾಗಿಲ್ಲ. ಮನುಷ್ಯರನ್ನು ಬಲ್ಲವರು ಆಗಲೇ ಊಹಿಸಿರುತ್ತೀರಿ. ಪ್ರತಿಯೊಬ್ಬನೂ ಉಳಿದವರು ಬರುವುದಿಲ್ಲ ಎಂದು ನಂಬಿ ಬಂದ. ಅಧ್ಯಕ್ಷ ತನ್ನ ಅಂಗಡಿಯದೇ ಒಂದು ದೊಡ್ಡ ಕಪ್ಪು ಕನ್ನಡಕ ಹಾಕಿಕೊಂಡು ಬಂದ. ಗುರುತ್ವ ಹಲ್ಲುನೋವಿನವನ ಹಾಗೆ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಬಂದ. ತಮ್ಮ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡಿದ್ದ. ಅಕ್ಕನ ಕಿಟಕಿಯಲ್ಲಿ ಟಿಕೆಟ್ ಕೇಳಲು ನಾಚಿಕೆಯಾಗಿ ಬೇರೆಯವರ ಕೈಯಲ್ಲಿ ತರಿಸಿಕೊಂಡಿದ್ದ. ಇಡೀ ಸಂಘ ಥಿಯೇಟರಿನ ಮೆಟ್ಟಿಲ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತುಬಿಟ್ಟಿತು.

“ನೀನು ನನ್ನ ನೋಡಿಲ್ಲ,” ಎಂದ ಅಧ್ಯಕ್ಷ.

“ನೀನಿದ್ರೆ ತಾನೇ ನಾನು ನೋಡೋದು,” ಎಂದ ಗುರುತ್ವ ಬಟ್ಟೆಯೊಳಗಿಂದ. “ನಾನೂ ಇಲ್ಲ. ಇಲ್ಲಿ ಯಾರೂ ಇಲ್ಲ. ಏನಯ್ಯಾ ಟೋಪಿ, ನೀನಿದೀಯಾ?”

“ಇಲ್ಲ,” ಎಂದ ತಮ್ಮ.

ಎಲ್ಲರೂ ನಕ್ಕರು. ಆ ನಗುವಿನ ನಡುವೆಯೇ ಟಿಕೆಟ್ ಮುಗಿದು ಆಪರೇಟರ್ ಬೋರ್ಡು ಹೊತ್ತುಕೊಂಡು ಬಂದ. ಸ್ಟೂಲ್ ಹಾಕಿ ಹತ್ತಿದ. ಆಗಲೇ ಬೀದಿಯಲ್ಲಿ ದೊಡ್ಡವರ ಪಕ್ಷದ ಮಂತ್ರಿಯೊಬ್ಬರ ಪ್ರಚಾರದ ಮೆರವಣಿಗೆ ಬಂತು. ತೆರೆದ ಕಾರು, ಧ್ವನಿವರ್ಧಕ, ಕೈ ಬೀಸುವ ಮಂತ್ರಿ. ಆಪರೇಟರ್ ಎರಡು ಕೈಯಲ್ಲೂ ಬೋರ್ಡನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಾಗ, ಬೀದಿಯ ಆ ಕಡೆಯ ಔಷಧಿ ಅಂಗಡಿಯ ತಾರಸಿಯಿಂದ ಒಂದು ಕಲ್ಲು ಬಂದು ಮಂತ್ರಿಯ ಹಣೆಗೆ ತಗುಲಿತು. ಕಲ್ಲು ಹೊರಟ ಕೈಯನ್ನು ಮೆಟ್ಟಿಲ ಮೇಲಿದ್ದವರು ಕಂಡರು, ಮುಖ ಕಾಣಲಿಲ್ಲ. ಪೊಲೀಸರು ತಿರುಗಿದಾಗ ಅವರಿಗೆ ಜನರೆಲ್ಲರ ತಲೆಯ ಮೇಲೆ ಕಂಡವನು ಸ್ಟೂಲ್ ಹತ್ತಿ ಕೈ ಎತ್ತಿದ್ದ ಒಬ್ಬನೇ. ಅವನ ಕಾಲು ಹಿಡಿದು ಎಳೆದರು. ಬೋರ್ಡು ಒಂದೇ ಕೊಕ್ಕೆಗೆ ಸಿಕ್ಕಿಕೊಂಡು ತೂಗಿ ಒಬ್ಬ ಪೇದೆಯ ಮೂಗಿಗೆ ಹೊಡೆಯಿತು. ಅದಕ್ಕೂ ಸೇರಿಸಿ ಆಪರೇಟರನಿಗೆ ಬಿತ್ತು. ನೆಲಕ್ಕೆ ಬಿದ್ದವನು “ಬೋರ್ಡು, ಸ್ವಾಮಿ, ಬೋರ್ಡು ಬೀಳತ್ತೆ,” ಎನ್ನುತ್ತಲೇ ಇದ್ದ. ಬಾಯಿಗೊಂದು ಒದೆ ಬೀಳುವವರೆಗೆ ಎಂದ.

ತಮ್ಮ ಒಂದು ಮೆಟ್ಟಿಲು ಇಳಿದ. ಅಷ್ಟರಲ್ಲಿ ಒಳಗೆ ಗಂಟೆಯಾಯಿತು.

“ಶುರುವಾಯ್ತು,” ಎಂದರು ಯಾರೋ.

ಯಂತ್ರವನ್ನು ಆಪರೇಟರ್ ವೇಳೆ ಹೊಂದಿಸಿಯೇ ಕೆಳಗೆ ಬಂದಿದ್ದ. ಅವನಿಲ್ಲದೆಯೂ ಅದು ಓಡಿತು. ಇವರು ಒಳಗೆ ಹೋಗಿ ಕೂತು ನೋಡಿದರು. ಚಿತ್ರ ಚೆನ್ನಾಗಿತ್ತಂತೆ. ಮೊದಲನೆಯದಕ್ಕಿಂತ ಹೆಚ್ಚು ಅತ್ತರಂತೆ. ಪಕ್ಕದ ಬಾಗಿಲಿನಿಂದ ಒಬ್ಬೊಬ್ಬರಾಗಿ ಹೊರಗೆ ಬಂದು, ಕನ್ನಡಕದ ಅಂಗಡಿಯಲ್ಲಿ ಮತ್ತೆ ಸೇರಿ, “ಯಾವ ಸಿನಿಮಾ?” ಎಂದುಕೊಂಡರು. ಅಷ್ಟು ಹೊತ್ತಿಗೆ ತಮ್ಮನ ವಿಡಿಯೋ ದೇಶವೆಲ್ಲ ಓಡಾಡುತ್ತಿತ್ತು. ಎಲ್ಲೆಲ್ಲಿಯದೋ ಅಭಿಮಾನಿಗಳು ಅವನನ್ನು ಹೊಗಳಿ ಬರೆಯುತ್ತಿದ್ದರು. ‘ಸ್ವಾಭಿಮಾನಿಗಳ ಬೀದಿ’ ಎಂದು ನಮ್ಮ ಬೀದಿಗೆ ಹೆಸರು ಬಂತು. ಅವನ ಅಂಗಡಿಗೆ ದೂರದಿಂದ ಜನ ಬಂದು ಮೊಬೈಲ್ ಕೊಟ್ಟು ಹೋಗುತ್ತಿದ್ದರು.

ಟಿಕೆಟಕ್ಕ ಹೆಚ್ಚೇನೂ ಕೇಳಲಿಲ್ಲ. ಕಲ್ಲು ಬಿದ್ದಾಗ ನನ್ನ ಗಂಡನ ಎರಡು ಕೈಯಲ್ಲೂ ಬೋರ್ಡಿತ್ತು ಎಂದು, ಕಂಡವರು ಒಬ್ಬರಾದರೂ ಹೇಳಬೇಕು, ಅಷ್ಟೇ. ಅವಳ ಮಾತು ಹೆಂಡತಿಯ ಮಾತು, ನಡೆಯುವುದಿಲ್ಲ ಎಂದು ಅವನನ್ನು ಒಳಗೆ ಹಾಕಿದ್ದ ಪೊಲೀಸರು ಹೇಳಿದ್ದರು. ಮೊದಲು ಕನ್ನಡಕದ ಅಂಗಡಿಗೆ ಹೋದಳು.

“ಅಣ್ಣ, ನೀವು ಮೆಟ್ಟಿಲ ಮೇಲೇ ಇದ್ರಿ. ನಾನೇ ಟಿಕೆಟ್ ಕೊಟ್ಟೆ. ಕಪ್ಪು ಕನ್ನಡಕ ಹಾಕಿದ್ರಿ.”

“ಯಾವ ಟಿಕೆಟ್ಟಮ್ಮ?”

“ಸಿನಿಮಾದ್ದು.”

“ಯಾವ ಸಿನಿಮಾ?” ಎಂದ ಅಧ್ಯಕ್ಷ. ಬಾಯಿಗೆ ರೂಢಿಯಾದದ್ದು, ತಾನಾಗಿ ಬಂತು. ಒಳಗಿದ್ದ ಇಬ್ಬರು ಕಿಸಕ್ಕೆಂದು ನಕ್ಕು, ಚಹಾ ಕೊಡಿಸಬೇಕಾದೀತೆಂದು ಬಾಯಿ ಮುಚ್ಚಿಕೊಂಡರು. ಟಿಕೆಟಕ್ಕ ಅವರನ್ನೂ ನೋಡಿದಳು, ಅವನನ್ನೂ ನೋಡಿದಳು. ಅಧ್ಯಕ್ಷ ದನಿ ತಗ್ಗಿಸಿದ. “ನೋಡಮ್ಮ, ಪೆಟ್ಟು ಬಿದ್ದಿರೋದು ನಮ್ಮ ಮಂತ್ರಿಗಳಿಗೆ. ನಾನು ಹೋಗಿ ಎದುರು ಸಾಕ್ಷಿ ಹೇಳಕ್ಕಾಗತ್ತಾ? ಅದೂ ನಾನು ಅಲ್ಲಿರಲೇ ಇಲ್ಲ.”

ಅಲ್ಲಿಂದ ಅವಳು ಗುರುತ್ವನನ್ನು ಹುಡುಕಿಕೊಂಡು ಹೋದಳು. ಅವನು ಯಾರದೋ ಮನೆಯ ತೊಟ್ಟಿಯ ಕೆಳಗೆ ಮಲಗಿ ಪೈಪು ಬಿಗಿಯುತ್ತಿದ್ದ. ಮಂತ್ರಿಯ ಪಕ್ಷದವನಲ್ಲವಲ್ಲ, ಇವನಾದರೂ ಹೇಳಿಯಾನು ಎಂದುಕೊಂಡಿದ್ದಳು.

“ಅಕ್ಕ, ನಿಮ್ಮ ಮನೆಯೋರ ಕಷ್ಟ ನಂಗೆ ಗೊತ್ತಿಲ್ವಾ?” ಎಂದ ಅವನು ಕೆಳಗಿನಿಂದಲೇ. ಅವಳಿಗೆ ಅವನ ಕಾಲು ಮಾತ್ರ ಕಾಣುತ್ತಿತ್ತು. “ಆದ್ರೆ ನಾನು ಹೇಳಿದ್ರೆ ಏನಂತಾರೆ? ವಿರೋಧ ಪಕ್ಷದೋನು, ಬೇಕಂತ ಹೇಳ್ತಾನೆ ಅಂತಾರೆ. ನಿಮಗೇ ತೊಂದ್ರೆ. ನಾನು ಸುಮ್ನಿರೋದೇ ನಿಮಗೆ ಒಳ್ಳೇದು.”

“ನೀವು ನೋಡಿದ್ದನ್ನ ಹೇಳಿ, ಸಾಕು. ಬೇರೆ ಏನೂ ಬೇಡ.”

ಕಾಲು ಇನ್ನಷ್ಟು ಒಳಕ್ಕೆ ಸರಿಯಿತು. “ನೋಡಿದೆ ಅಂದ್ರೆ, ಅಲ್ಲಿಗೆ ಯಾಕೆ ಹೋಗಿದ್ದೆ ಅಂತ ಕೇಳ್ತಾರಲ್ಲಕ್ಕ,” ಎಂದ. “ಆಮೇಲೆ ನಾನು ಯಾರಿಗೆ ಮುಖ ತೋರಿಸ್ಲಿ? ಆ ಸ್ಪ್ಯಾನರ್ ಸ್ವಲ್ಪ ಇತ್ತ ತಳ್ಳಿ.”

ಅವಳು ಸ್ಪ್ಯಾನರ್ ತಳ್ಳಿ ಬಂದಳು.

ತಮ್ಮನನ್ನು ಕೊನೆಗೆ ಇಟ್ಟುಕೊಂಡಿದ್ದಳು. ಅವನು ಹೇಗೂ ಹೇಳುತ್ತಾನೆ, ಅವನನ್ನು ಕೇಳುವುದೇ ಅವಮಾನ ಎಂಬಂತೆ. ಅವನಿಗಿಷ್ಟವಾದ ಅಡುಗೆ ಮಾಡಿ ಬಡಿಸಿ ಎದುರಿಗೆ ಕೂತಳು. ಅವನು ತಟ್ಟೆ ನೋಡಿಕೊಂಡೇ ಉಂಡ.

“ಅಕ್ಕ, ನಾನು ಅಲ್ಲಿದ್ದೆ ಅಂದ್ರೆ ವಿಡಿಯೋ ಸುಳ್ಳಾಗತ್ತೆ.”

“ಸುಳ್ಳೇ ಅಲ್ವೇನೋ?”

“ಇಡೀ ದೇಶ ನೋಡಿದೆ ಅದನ್ನ. ನನ್ನನ್ನ ಉಗೀತಾರೆ. ಅಂಗಡಿ ಮುಚ್ಚಬೇಕಾಗತ್ತೆ.”

“ನಿಮ್ಮ ಭಾವನ ಬಾಯಲ್ಲಿ ಮುಂದಿನ ಹಲ್ಲಿಲ್ಲ ಕಣೋ.”

“ಭಾವ ಒಳ್ಳೇವ್ರು, ಅವರಿಗೆ ಏನೂ ಆಗಲ್ಲ. ಬಿಟ್ಟು ಕಳಿಸ್ತಾರೆ,” ಎಂದು ಕೈ ತೊಳೆಯಲು ಎದ್ದ. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ತಿರುಗಿ, “ಸಾರು ಚೆನ್ನಾಗಿತ್ತು,” ಎಂದ.

ವಿಚಾರಣೆಯ ದಿನ ಸಂಘದವರನ್ನು ನ್ಯಾಯಾಲಯವೇ ಕರೆಸಿತು. ಒಬ್ಬೊಬ್ಬರೂ ತಾವು ಮನೆಯಲ್ಲಿದ್ದೆವು ಎಂದರು. ಥಿಯೇಟರಿನ ಮಾಲೀಕರೂ ಹಾಲ್ ಖಾಲಿಯಿತ್ತು ಎಂದರು. ಪಾಲು ಕೊಡುವುದು ತಪ್ಪಲೆಂದು ಚಿತ್ರದ ಕಂಪನಿಯವರಿಗೆ ಅವರು ಕೊಟ್ಟ ಲೆಕ್ಕವೂ ಹಾಗೇ ಇತ್ತು. ಇಷ್ಟಾಗಿದ್ದರೆ ಆಪರೇಟರನಿಗೆ ಸಾಕ್ಷಿಯಿಲ್ಲ ಎಂದಾಗುತ್ತಿತ್ತು, ಅಷ್ಟೇ. ಆದರೆ ಸರ್ಕಾರದ ವಕೀಲರು ವಿಡಿಯೋವನ್ನು ದೊಡ್ಡ ತೆರೆಯ ಮೇಲೆ ಹಾಕಿಸಿದರು.

“ಹಾಲ್ ಇಷ್ಟು ಖಾಲಿ ಇತ್ತು,” ಎಂದರು ನ್ಯಾಯಾಧೀಶರು. “ಹೌಸ್ ಫುಲ್ ಬೋರ್ಡು ಹಾಕೋಕೆ ಸ್ಟೂಲ್ ಹತ್ತಿದ್ದೆ ಅಂತೀಯಲ್ಲ, ಯಾಕಪ್ಪ ಹತ್ತಿದ್ದೆ?”

ಆಪರೇಟರ್ ತೆರೆಯನ್ನೇ ನೋಡುತ್ತಿದ್ದ. ಅವನ ಯಂತ್ರದ ಬೆಳಕು ಖಾಲಿ ಕುರ್ಚಿಗಳ ಬೆನ್ನ ಮೇಲೆ ಎಣ್ಣೆ ಹಚ್ಚಿದ ಹಾಗೆ ಬಿದ್ದಿತ್ತು. “ಇದು ಬೆಳಗಿನ ಪರೀಕ್ಷೆಯದು, ಸ್ವಾಮಿ,” ಎಂದ. “ಆಟದ್ದಲ್ಲ. ನಾನೇ ನಿಲ್ಲಿಸಿ ತೆಗೆಸಿದ್ದು. ಇವನನ್ನೇ ಕೇಳಿ.”

ತಮ್ಮನನ್ನು ಕೇಳಿದರು. ಟಿಕೆಟಕ್ಕ ಹಿಂದಿನ ಬೆಂಚಿನಲ್ಲಿ ಕೂತು ಅವನ ಕತ್ತನ್ನೇ ನೋಡುತ್ತಿದ್ದಳು. ಚಿಕ್ಕವನಿದ್ದಾಗ ಸುಳ್ಳು ಹೇಳುವ ಮೊದಲು ಅವನು ಕತ್ತು ಕೆರೆದುಕೊಳ್ಳುತ್ತಿದ್ದ. ಈಗ ಕೆರೆದುಕೊಳ್ಳಲಿಲ್ಲ, ಆ ಚಾಳಿ ಬಿಟ್ಟಿದ್ದ.

“ಆಟದ ವೇಳೆಯಲ್ಲೇ ತೆಗೆದದ್ದು,” ಎಂದ.

ಆಪರೇಟರ್ ಅವನ ಕಡೆ ತಿರುಗಿದ. ಬೈಯುತ್ತಾನೆ ಎಂದುಕೊಂಡರು ಎಲ್ಲರೂ. ಅವನು ಬೈಯಲಿಲ್ಲ. “ಬೆಳಕು ಚೆನ್ನಾಗಿ ಬಂದಿದೆ ಕಣೋ,” ಎಂದ.

ಎಲ್ಲವನ್ನೂ ನೋಡುವವನೊಬ್ಬನಿದ್ದಾನೆ ಎಂದು ನಂಬಿ ಬದುಕುವವರು ನಾವು. ಆದರೆ ಅವನನ್ನು ಸಾಕ್ಷಿಗೆ ಕರೆಸುವ ನ್ಯಾಯಾಲಯ ಇನ್ನೂ ತೆರೆದಿಲ್ಲ. ಆಪರೇಟರನನ್ನು ಸೆರೆಮನೆಗೆ ಕಳಿಸಿದರು. ದೊಡ್ಡವರು ಚುನಾವಣೆ ಗೆದ್ದರು. ಟಿಕೆಟಕ್ಕ ಕಿಟಕಿಯಲ್ಲೇ ಉಳಿದಳು, ಬೇರೆಲ್ಲಿಗೆ ಹೋದಾಳು? ಹಾಲ್ ತುಂಬಿದ ದಿನ ಅವಳೇ ಸ್ಟೂಲ್ ಹಾಕಿ ಬೋರ್ಡು ಏರಿಸುತ್ತಿದ್ದಳು. ಮೊದಲ ಸಲ ಅವಳ ಗದ್ದಕ್ಕೂ ಬಡಿಯಿತು.

ಕಾಲ ಹೋಯಿತು. ದೊಡ್ಡವರೂ ಒಂದು ದಿನ ಕುರ್ಚಿ ಬಿಟ್ಟಿಳಿದರು. ಬಾಗಿಲು ಅವರಾಗಿ ತೆರೆಯಲಿಲ್ಲ, ಜನ ತೆರೆಸಿದರು. ಹೊಸ ಸರ್ಕಾರ ಬಂತು. ದೊಡ್ಡವರ ಕಾಲದಲ್ಲಿ ಅವರ ವಿರುದ್ಧ ಕೈ ಎತ್ತಿದವರೆಲ್ಲ ದೇಶಪ್ರೇಮಿಗಳು ಎಂದು ಘೋಷಣೆಯಾಯಿತು. ಕನ್ನಡಕದ ಅಂಗಡಿಯಲ್ಲಿ ಚಿತ್ರ ಬದಲಾಯಿತು, ಮೊಳೆ ಅದೇ ಉಳಿಯಿತು. ಅದೇ ಸುಮಾರಿಗೆ ‘ಹಡಗಿ’ನ ಮೂರನೇ ಭಾಗ ಬರುತ್ತದೆಂದು ಸುದ್ದಿಯಾಯಿತು. ಎರಡನೇ ಭಾಗವನ್ನು ಬಿಟ್ಟು ಮೂರನೆಯದನ್ನು ನೋಡುವುದು ಹೇಗೆ? ಸಂಘ ಸೇರಿ ಹೊಸ ತೀರ್ಮಾನ ಕೊಟ್ಟಿತು: ಆಗಿದೆ.

“ನಾನು ಅವತ್ತೇ ಹೇಳಿರಲಿಲ್ವಾ, ಎರಡನೆಯದೇ ಎಲ್ಲಕ್ಕಿಂತ ಮೇಲು ಅಂತ,” ಎಂದ ಅಧ್ಯಕ್ಷ.

“ನೀನೆಲ್ಲಿ ಹೇಳಿದೆ? ಕತ್ತಲಲ್ಲಿ ಅಳ್ತಾ ಕೂತಿದ್ದೆ. ಪಕ್ಕದ ಸೀಟಲ್ಲಿ ನಾನೇ ಇದ್ದೆ,” ಎಂದ ಗುರುತ್ವ. ಈಗ ಯಾರು ಎಷ್ಟು ಮುಂಚೆ ಮೆಟ್ಟಿಲ ಮೇಲೆ ಬಂದು ನಿಂತಿದ್ದೆವು ಎಂಬುದೇ ಹೆಗ್ಗಳಿಕೆಯಾಯಿತು.

ಒಂದು ಮಧ್ಯಾಹ್ನ ಮೂವರೂ ಕಿಟಕಿಗೆ ಬಂದರು: ಅಧ್ಯಕ್ಷ, ಗುರುತ್ವ, ತಮ್ಮ. ಮುಖದಲ್ಲಿ ಹಬ್ಬ.

“ಅಕ್ಕ, ಸಿಹಿಸುದ್ದಿ,” ಎಂದ ಗುರುತ್ವ. “ನಿಮ್ಮ ಮನೆಯೋರನ್ನ ಬಿಡಿಸ್ತೀವಿ. ನಾವೆಲ್ಲ ಸಾಕ್ಷಿ ಹೇಳ್ತೀವಿ.”

ಅವಳ ಕೈಯಲ್ಲಿದ್ದ ಚಿಲ್ಲರೆ ಹಾಗೇ ನಿಂತಿತು. “ಮೆಟ್ಟಿಲ ಮೇಲಿದ್ವಿ ಅಂತ ಹೇಳ್ತೀರಾ?”

“ಮತ್ತೆ? ಇದ್ವಲ್ಲ! ಕಣ್ಣಾರೆ ಕಂಡಿದ್ವಲ್ಲ!” ಎಂದ ಅಧ್ಯಕ್ಷ. “ಆಪರೇಟರಣ್ಣ ಸ್ಟೂಲ್ ಹತ್ತಿ ಆ ಕಳ್ಳ ಮಂತ್ರಿಗೆ ಗುರಿ ಇಟ್ಟು ಹೊಡೆದಿದ್ದನ್ನ ನಾವೇ ನೋಡಿದ್ವಿ ಅಂತೀವಿ.”

ಅವಳು ತಮ್ಮನನ್ನು ನೋಡಿದಳು. ಅವನು ಬೋರ್ಡನ್ನು ನೋಡುತ್ತಿದ್ದ.

“ಅವರು ಹೊಡೀಲಿಲ್ಲ,” ಎಂದಳು.

“ಅಯ್ಯೋ ಹೊಡೀದೇ ಇದ್ದೋರನ್ನ ಯಾರಮ್ಮ ಬಿಡ್ತಾರೆ ಈಗ?” ಎಂದ ಅಧ್ಯಕ್ಷ, ಮಗುವಿಗೆ ಹೇಳುವವನ ಹಾಗೆ. “ಹೊಡೆದೋರಿಗೇ ಬಿಡುಗಡೆ. ಹೂಂ ಅಂದ್ರೆ ಮನೆಗೆ ಬರ್ತಾರೆ. ಬೋರ್ಡು ಹಾಕ್ತಿದ್ದೆ ಅಂತ ಕೂತ್ರೆ ಅಲ್ಲೇ ಇರ್ತಾರೆ.”

ಅವಳು ಸೆರೆಮನೆಗೆ ಹೋಗಿ ಕಬ್ಬಿಣದ ಜಾಲರಿಯ ಈಚೆ ನಿಂತು ಎಲ್ಲ ಹೇಳಿದಳು. ಅವನು ಬಡಕಲಾಗಿದ್ದ. ಹಲ್ಲಿಲ್ಲದ ಜಾಗದಲ್ಲಿ ಗಾಳಿ ಹೋಗಿ ಮಾತು ಸೀಟಿಯಂತೆ ಕೇಳುತ್ತಿತ್ತು.

“ಕೈ ಖಾಲಿ ಇರ್ಲಿಲ್ವಲ್ಲೇ,” ಎಂದ.

“ನಂಗೆ ಗೊತ್ತು ರೀ. ದೇವರಿಗೂ ಗೊತ್ತು. ಹೂಂ ಅಂದುಬಿಡಿ.”

“ಬೋರ್ಡು ಈಗ ಯಾರು ಹಾಕ್ತಾರೆ?”

“ನಾನೇ.”

ಅವನು ಜಾಲರಿಯ ಹತ್ತಿರ ಬಂದು ಅವಳ ಗದ್ದ ನೋಡಿದ. ಅವನಿಗೆ ನಗು ಬಂತು. ನಗುತ್ತಲೇ, “ಹೂಂ ಅಂತೀನಿ ಬಿಡು,” ಎಂದ. ಅಷ್ಟು ವರ್ಷ ಪೆಟ್ಟು ತಿಂದೂ ಹೇಳದ ಸುಳ್ಳನ್ನು ಅವಳ ಗದ್ದದ ಗಾಯ ಹೇಳಿಸಿತು.

ಬಿಡುಗಡೆಯನ್ನು ಮೂರನೇ ಭಾಗದ ಮೊದಲ ದಿನಕ್ಕೆ ಹೊಂದಿಸಿದರು. ಥಿಯೇಟರಿನ ಮೆಟ್ಟಿಲ ಮೇಲೆಯೇ ಸನ್ಮಾನ. ಜನ ಬೀದಿ ತುಂಬ. ಆಪರೇಟರನಿಗೆ ಹೊಸ ಅಂಗಿ ತೊಡಿಸಿ, ಅದೇ ಸ್ಟೂಲಿನ ಮೇಲೆ ನಿಲ್ಲಿಸಿದರು. ಅವನ ಕೈಗೊಂದು ಕಲ್ಲು ಕೊಟ್ಟರು, ತೊಳೆದು ಒರೆಸಿದ್ದು.

“ಅವತ್ತು ಹೆಂಗೆ ಹೊಡೆದ್ರಿ, ಒಂದ್ಸಲ ತೋರಿಸ್ಬೇಕು!” ಎಂದು ಅಧ್ಯಕ್ಷ ಕೂಗಿದ. ಜನ ಚಪ್ಪಾಳೆ ತಟ್ಟಿದರು. ತಮ್ಮ ಮೊಬೈಲ್ ಎತ್ತಿ ಹಿಡಿದು ಮುಂದೆ ಬಂದ.

ಆಪರೇಟರ್ ಕಲ್ಲನ್ನು ನೋಡಿದ. ಗೋಡೆಯ ಕೊಕ್ಕೆಗಳನ್ನು ನೋಡಿದ. ಅವನ ಎರಡು ಕೈಯೂ ಒಟ್ಟಿಗೆ, ಸಮವಾಗಿ, ನಿಧಾನವಾಗಿ ತಲೆಯ ಮೇಲಕ್ಕೆ ಹೋದವು. ಕಲ್ಲು ಬೆರಳ ಸಂದಿಯಿಂದ ಜಾರಿ ಅವನ ಹೆಗಲ ಮೇಲೇ ಬಿತ್ತು.

ಬೀದಿಯೆಲ್ಲ ಹೋ ಎಂದು ನಕ್ಕಿತು.

“ಏನಣ್ಣ, ಯಾರೋ ಹೆದರಿಸಿದ ಹಾಗೆ ಎರಡು ಕೈ ಎತ್ತಿಬಿಟ್ರಿ!” ಎಂದು ಗುರುತ್ವ ಓಡಿ ಬಂದ. ಪೈಪು ತಿರುಗಿಸುವವನ ಹಾಗೆ ಅವನ ಬಲ ಮೊಣಕೈ ಹಿಡಿದು ಹಿಂದಕ್ಕೆ ಬಗ್ಗಿಸಿದ. ಸೆರೆಮನೆಯಲ್ಲಿ ಮುರಿದು ವಕ್ರವಾಗಿ ಕೂಡಿದ ಮೂಳೆ ಅದು. ಆಪರೇಟರನ ಬಾಯಿಂದ ಸೀಟಿಯಂಥದೊಂದು ಸದ್ದು ಬಂತು. “ಹೀಗೆ. ಒಂದೇ ಕೈ. ಹಿಂದಕ್ಕೆ, ಆಮೇಲೆ ಬೀಸಿ. ಎಡಗೈ ಕೆಳಗಿರ್ಲಿ. ಅಲ್ಲ, ಕೆಳಗೆ, ಕೆಳಗೆ.”

ಎಡಗೈ ಮತ್ತೆ ಮತ್ತೆ ಮೇಲೇಳುತ್ತಿತ್ತು. ಕೊನೆಗೆ ಅಧ್ಯಕ್ಷ ಬಂದು ಅದನ್ನು ಗಟ್ಟಿಯಾಗಿ ಕೆಳಗೆ ಹಿಡಿದುಕೊಂಡ.

“ಭಾವ, ಸ್ವಲ್ಪ ಎಡಕ್ಕೆ ನಿಂತ್ಕೊಳ್ಳಿ,” ಎಂದ ತಮ್ಮ ಮೊಬೈಲಿನ ಹಿಂದಿನಿಂದ. “ಅಲ್ಲಿ ಬೆಳಕು ಚೆನ್ನಾಗಿ ಬರತ್ತೆ.”

ಆಪರೇಟರ್ ಎಡಕ್ಕೆ ಸರಿದು ನಿಂತ. ಹೇಳಿಕೊಟ್ಟ ಹಾಗೆ ಬೀಸಿದ. ಎರಡು ಸಲ ತಪ್ಪಿ, ಆಮೇಲೆ ಸರಿಯಾಗಿ ಬಂತು. ಜನ ಜೈಕಾರ ಹಾಕಿದರು. ಒಳಗೆ ಗಂಟೆಯಾಯಿತು; ಶುರುವಾಯ್ತು, ಶುರುವಾಯ್ತು ಎನ್ನುತ್ತ ಎಲ್ಲರೂ ನೂಕಾಡಿಕೊಂಡು ಒಳಗೆ ಹೋದರು. ಅವನನ್ನು ಇಳಿಸಲು ಯಾರಿಗೂ ನೆನಪಾಗಲಿಲ್ಲ.

ಟಿಕೆಟಕ್ಕ ಕಿಟಕಿ ಮುಚ್ಚಿ ಹೊರಗೆ ಬಂದಳು. ಅವನ ಕೈ ಹಿಡಿದು ಸ್ಟೂಲಿನಿಂದ ಇಳಿಸಿ ಪಕ್ಕದ ಮೆಟ್ಟಿಲ ಮೇಲೆ ಕೂರಿಸಿದಳು. ಟಿಕೆಟ್ ಎಲ್ಲ ಮುಗಿದಿತ್ತು. ಅವಳು ಒಳಗಿನಿಂದ ಬೋರ್ಡು ಹೊತ್ತು ತಂದು, ಸ್ಟೂಲ್ ಹತ್ತಿ, ಎರಡು ಕೈಯಲ್ಲೂ ಸಮವಾಗಿ ತಲೆಯ ಮೇಲಕ್ಕೆತ್ತಿದಳು. ಅವನು ಕೆಳಗೆ ಕೂತು ನೋಡಿದ. ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ.